ಕಾವಲು ಯಾರಿಗಾಗಿ? ಕನ್ನಂಬಾಡಿಯಿಂದ ಮೇಲುಕೋಟೆಯವರೆಗೆ ಒಂದು ಪಾಠ

ಹೊಣಕೆರೆ ಹೋಬಳಿಯ ಶಾಲೆಗಳಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಜಾಗಗಳು ಹೆಚ್ಚುಕಡಿಮೆ ಅವೇ: ಕಂಬದಹಳ್ಳಿಯ ಬಸದಿ, ನಾಗಮಂಗಲದ ಸೌಮ್ಯಕೇಶವ, ಮೇಲುಕೋಟೆ, ಕೆ.ಆರ್. ಪೇಟೆ ಕಡೆಯ ಹೊಸಹೊಳಲು, ಶ್ರೀರಂಗಪಟ್ಟಣ, ಸಂಜೆ ಹೊತ್ತಿಗೆ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ. ಅಲ್ಲಿ ನಾವು ಶಿಲ್ಪ ತೋರಿಸುತ್ತೇವೆ, ರಾಜರ ಹೆಸರು ಹೇಳುತ್ತೇವೆ, ಇಸವಿ ಬರೆಸುತ್ತೇವೆ. ಕಾವಲನ್ನು ಮಾತ್ರ ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ. ಒಂದು ಕಡೆ ಬಂದೂಕು ಹಿಡಿದ ಪಡೆ ಇದೆ, ಇನ್ನೊಂದು ಕಡೆ ಕೀಲಿಕೈ ಇಟ್ಟುಕೊಂಡ ಒಬ್ಬರೇ ನೌಕರರಿದ್ದಾರೆ, ಮತ್ತೊಂದು ಕಡೆ ವರ್ಷಕ್ಕೆ ಕೆಲವು ದಿನ ಮಾತ್ರ ಊರ ತುಂಬ ಪೊಲೀಸ್ ವ್ಯಾನುಗಳು ನಿಲ್ಲುತ್ತವೆ. ಈ ವ್ಯತ್ಯಾಸ ಏಕೆ? ಯಾವ ಜಾಗಕ್ಕೆ ಯಾವ ಅಪಾಯವಿದೆ ಎಂದು ನಿರ್ಧರಿಸುವವರು ಯಾರು? ಈ ವಿಷಯಕ್ಕೆ ಹೊಸಬರಾದವರಿಗಾಗಿ, ನಮ್ಮ ಸುತ್ತಮುತ್ತಲ ಉದಾಹರಣೆಗಳನ್ನೇ ಹಿಡಿದು ನಿಧಾನವಾಗಿ ಹೇಳುತ್ತಾ ಹೋಗುತ್ತೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಭಯಪಡುವುದು ತಪ್ಪಲ್ಲ, ಕಾವಲು ಹಾಕುವುದೂ ತಪ್ಪಲ್ಲ. ಮನೆಗೆ ಬೀಗ ಹಾಕುವವರನ್ನು ಯಾರೂ ಬೈಯುವುದಿಲ್ಲ. ಕೀಲಿಕೈ ಯಾರ ಹತ್ತಿರ ಇದೆ ಎಂದು ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಬೇಕು. ಸಾರ್ವಜನಿಕ ಸ್ಥಳಗಳಲ್ಲಿ ರಾಜಕಾರಣ ಶುರುವಾಗುವುದು ಇಲ್ಲೇ. ಯಾರ ಭಯಕ್ಕೆ ಬೆಲೆ ಸಿಗುತ್ತದೆ, ಯಾರ ಭಯವನ್ನು ಕೇಳುವವರಿಲ್ಲ, ಆ ಭಯದ ಹೆಸರಿನಲ್ಲಿ ಯಾವ ಬಾಗಿಲು ಮುಚ್ಚುತ್ತದೆ, ಮುಚ್ಚಿದ್ದು ಮತ್ತೆ ಯಾವಾಗ ತೆರೆಯುತ್ತದೆ: ಈ ನಾಲ್ಕನ್ನು ಗಮನಿಸಲು ಕಲಿತರೆ ಅರ್ಧ ಪಾಠ ಮುಗಿದಂತೆ.

ಕಟ್ಟೆಯ ಮೇಲಿನ ದಾರಿ

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಅತಿ ಹೆಚ್ಚು ಕಾವಲಿರುವ ಜಾಗ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ (ಕೆಆರ್‌ಎಸ್). 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಈ ಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಮೊದಲಾದದ್ದು. ಉದ್ದ ಸುಮಾರು 8,600 ಅಡಿ. ತುಂಬಿದಾಗ ನೀರಿನ ಮಟ್ಟ 124.80 ಅಡಿ, ಸಂಗ್ರಹ 49 ಟಿಎಂಸಿಗೂ ತುಸು ಹೆಚ್ಚು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರುವ ಈ ನೀರಿನ ಮೇಲೆ ಮಂಡ್ಯದ ಭತ್ತ, ಕಬ್ಬು ನಿಂತಿವೆ. ಬೆಂಗಳೂರು ಮೈಸೂರುಗಳ ಕುಡಿಯುವ ನೀರು ನಿಂತಿದೆ. ಇಷ್ಟು ದೊಡ್ಡ ಕಟ್ಟೆಗೆ ಧಕ್ಕೆಯಾದರೆ ಏನಾದೀತು ಎಂದು ಯೋಚಿಸಿದರೆ, ಇಲ್ಲಿ ಬಿಗಿ ಕಾವಲು ಬೇಕೆನ್ನುವುದನ್ನು ಯಾರೂ ಅಲ್ಲಗಳೆಯಲಾರರು.

ಒಂದು ಕಾಲದಲ್ಲಿ ಜನ ಕಟ್ಟೆಯ ಮೇಲೇ ನಡೆದು ಹೋಗಿ ಬೃಂದಾವನಕ್ಕೆ ಇಳಿಯುತ್ತಿದ್ದರು. ಒಂದು ಕಡೆ ಸಮುದ್ರದಂತಹ ನೀರು, ಇನ್ನೊಂದು ಕಡೆ ಆಳದಲ್ಲಿ ತೋಟ. ಇದನ್ನು ನೋಡಿದ ಹಿರಿಯರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಭದ್ರತೆಯ ಕಾರಣಕ್ಕೆ ಆ ದಾರಿ ಸಾರ್ವಜನಿಕರಿಗೆ ಬಂದ್ ಆಯಿತು. ಈಗ ರಾಜ್ಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಅಲ್ಲಿ ಪಹರೆ ಇರುತ್ತಾರೆ. ದೇಶದಲ್ಲಿ 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2005ರ ಡಿಸೆಂಬರ್ 28ರಂದು ಗುಂಡು ಹಾರಿತು. ಇಂತಹ ಘಟನೆಗಳಾದ ಮೇಲೆ ಎಲ್ಲ ಕಡೆಯೂ ಬಂದೋಬಸ್ತ್ ಹೆಚ್ಚಿತು. ಇದು ನಮ್ಮಲ್ಲಷ್ಟೇ ಆದದ್ದಲ್ಲ. ಪ್ಯಾರಿಸ್‌ನ ಐಫೆಲ್ ಗೋಪುರದ ಬುಡದಲ್ಲಿ ಹಿಂದೆ ಯಾರು ಬೇಕಾದರೂ ಅಡ್ಡಾಡಬಹುದಿತ್ತು. 2018ರಲ್ಲಿ ಗುಂಡು ತಡೆಯುವ ದಪ್ಪ ಗಾಜಿನ ಗೋಡೆ ಎದ್ದು, ತಪಾಸಣೆಯಿಲ್ಲದೆ ಒಳಗೆ ಹೋಗುವಂತಿಲ್ಲ ಎಂದಾಯಿತು.

ಆದರೆ ಕಟ್ಟೆ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುವಾಗ ಅದೇ ಕಟ್ಟೆಯ ಮೇಲೆ ಮಂತ್ರಿಗಳು, ಶಾಸಕರು, ಅಧಿಕಾರಿಗಳು, ಆಹ್ವಾನಿತರು ಸೇರುತ್ತಾರೆ. ಅವರೆಲ್ಲರ ಪರಿಶೀಲನೆ ನಡೆದಿರುತ್ತದೆ, ಸರಿ. ಹಾಗಾದರೆ ಗುರುತಿನ ಚೀಟಿ ನೋಡಿ, ಚೀಲ ತಪಾಸಣೆ ಮಾಡಿ, ಐವತ್ತು ಮಕ್ಕಳ ಒಂದು ತಂಡವನ್ನು ಕಾವಲಿನವರ ಜೊತೆಯಲ್ಲೇ ನಿಗದಿತ ದಿನ ಕಟ್ಟೆಯ ಮೇಲೆ ಕರೆದೊಯ್ಯಲು ಆಗದೇ? ಬೆಂಗಳೂರಿನ ವಿಧಾನಸೌಧದಲ್ಲೇ 2025ರಲ್ಲಿ ಮುಂಗಡ ನೋಂದಣಿಯ ಮೇಲೆ ಸಾರ್ವಜನಿಕರ ಪ್ರವಾಸ ಶುರುವಾಗಿದೆ. ಪೂರ್ತಿ ಮುಚ್ಚುವುದಕ್ಕೂ ಪೂರ್ತಿ ಬಿಡುವುದಕ್ಕೂ ನಡುವೆ ಹಲವು ದಾರಿಗಳಿವೆ. ಸುಲಭವಾದ ದಾರಿ ಮುಚ್ಚುವುದು. ಅದಕ್ಕೇ ಹೆಚ್ಚಿನ ಕಡೆ ಅದನ್ನೇ ಆರಿಸಿಕೊಳ್ಳುತ್ತಾರೆ.

ರೈತ ಬಂದಾಗ ಬೀಗ

ಕಟ್ಟೆಯ ಕಾವಲು ಇನ್ನೊಂದು ಸಂದರ್ಭದಲ್ಲಿ ಥಟ್ಟನೆ ಹೆಚ್ಚುತ್ತದೆ. ಅದು ಕಾವೇರಿ ಗಲಾಟೆಯ ಕಾಲ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡುವಂತೆ ಆದೇಶಿಸಿತು. ಸೆಪ್ಟೆಂಬರ್ 12ರಂದು ಅದನ್ನು 12,000ಕ್ಕೆ ಇಳಿಸಿ 20ರವರೆಗೆ ಮುಂದುವರಿಸಿತು. ಬೆಂಗಳೂರಿನಲ್ಲಿ ಬಸ್ಸು ಲಾರಿಗಳು ಸುಟ್ಟವು. ಇತ್ತ ಕೆಆರ್‌ಎಸ್ ಸುತ್ತ ನಿಷೇಧಾಜ್ಞೆ ಜಾರಿಯಾಯಿತು, ಬೃಂದಾವನದ ಬಾಗಿಲು ಮುಚ್ಚಿತು.

ಇಲ್ಲಿ ಎರಡು ಬಗೆಯ ಭಯಗಳು ಎದುರುಬದುರಾಗಿ ನಿಂತಿದ್ದವು. ಸರ್ಕಾರಕ್ಕೆ ಕಟ್ಟೆಗೆ ನುಗ್ಗುವ ಗುಂಪಿನ ಭಯ. ರೈತನಿಗೆ ನಾಲೆಯಲ್ಲಿ ನೀರು ನಿಂತು, ಹೊಡೆ ಬಿಚ್ಚುವ ಹೊತ್ತಿನಲ್ಲಿ ಪೈರು ಒಣಗುವ ಭಯ. ಮೊದಲ ಭಯಕ್ಕೆ ಪೊಲೀಸ್ ತುಕಡಿಗಳು ಬಂದವು. ಎರಡನೆಯದಕ್ಕೆ ಉತ್ತರ ಕೇಳಲು ಬಂದವನು ಬ್ಯಾರಿಕೇಡಿನ ಹೊರಗೆ ನಿಂತ. ಗುಂಪು ಹಿಂಸೆಗೆ ಇಳಿಯಬಹುದಾದಾಗ ಪೊಲೀಸರು ಸುಮ್ಮನಿರಲಾಗದು, ನಿಜ. ಆದರೆ ಹಕ್ಕು ಕೇಳಲು ಬಂದವನನ್ನೂ ಕಲ್ಲು ಎಸೆಯಲು ಬಂದವನನ್ನೂ ಒಂದೇ ಪಟ್ಟಿಗೆ ಸೇರಿಸಿದರೆ, ಆ ಕಾವಲು ಕಟ್ಟೆಯನ್ನು ಕಾಯುವ ಜೊತೆಗೆ ಆಳುವವರನ್ನೂ ಪ್ರಶ್ನೆಯಿಂದ ಕಾಯುತ್ತದೆ. ಇದನ್ನು ಗುರುತಿಸುವುದೇ ಈ ಪಾಠದ ಮುಖ್ಯ ಭಾಗ.

ನಿಷೇಧಾಜ್ಞೆ ಎಂದರೇನು?

"144 ಹಾಕವ್ರೆ" ಎನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಬಂದಿದೆ. ಸಂಖ್ಯೆ ಬದಲಾದರೂ ಒಳಗಿನ ವಿಷಯ ಬಹುಪಾಲು ಅದೇ.

ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂತಹ ದಂಡಾಧಿಕಾರಿಗಳು ಇದನ್ನು ಹೊರಡಿಸುತ್ತಾರೆ. ಆದೇಶ ಲಿಖಿತವಾಗಿರಬೇಕು. ಯಾವ ಸಂಗತಿಗಳ ಆಧಾರದ ಮೇಲೆ ಹೊರಡಿಸಿದ್ದು ಎಂದು ಅದರಲ್ಲೇ ಹೇಳಬೇಕು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇದು ಜಾರಿಯಲ್ಲಿರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು, ಅದಕ್ಕೂ ಆರು ತಿಂಗಳ ಮಿತಿ ಇದೆ. ಆದೇಶದಿಂದ ತೊಂದರೆಯಾದವರು ಅದನ್ನು ರದ್ದು ಮಾಡಿ ಅಥವಾ ಬದಲಾಯಿಸಿ ಎಂದು ಅರ್ಜಿ ಕೊಡಬಹುದು; ಅವರ ಮಾತು ಕೇಳಿಯೇ ತೀರ್ಮಾನಿಸಬೇಕು.

2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಇಂತಹ ಆದೇಶಗಳನ್ನು ಪ್ರಕಟಿಸಲೇಬೇಕು. ನ್ಯಾಯವಾದ ಅಭಿಪ್ರಾಯವನ್ನೋ ಅಸಮಾಧಾನವನ್ನೋ ಹತ್ತಿಕ್ಕಲು ಬಳಸಬಾರದು. ಅಪಾಯ ಎಷ್ಟಿದೆಯೋ ನಿರ್ಬಂಧ ಅಷ್ಟೇ ಇರಬೇಕು. ಮತ್ತೆ ಮತ್ತೆ ಅದೇ ಆದೇಶ ಹೊರಡಿಸುತ್ತಾ ಹೋದರೆ ಅದು ಅಧಿಕಾರದ ದುರುಪಯೋಗ ಎಂದು ಹೇಳಿತು. ಆದ್ದರಿಂದ ನಿಷೇಧಾಜ್ಞೆ ಎಂದಾಕ್ಷಣ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಅದು ಓದಬಹುದಾದ, ಪ್ರಶ್ನಿಸಬಹುದಾದ ಒಂದು ಕಾಗದ.

ಶ್ರೀರಂಗಪಟ್ಟಣ: ಭಯ ಕಟ್ಟುವ ಬಗೆ

ಶ್ರೀರಂಗಪಟ್ಟಣ ಊರೇ ಒಂದು ಕಾವಲಿನ ಕಥೆ. ನದಿ ಸುತ್ತುವರಿದ ದ್ವೀಪ, ಕೋಟೆ, ಕಂದಕ, ಬಾಗಿಲುಗಳು. ಇಷ್ಟಿದ್ದೂ 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಹೊಳೆ ದಾಟಿ, ಫಿರಂಗಿಯಿಂದ ಒಡೆದ ಗೋಡೆಯ ಮೂಲಕ ಒಳನುಗ್ಗಿತು; ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಸತ್ತ. ಇವತ್ತು ಆ ಕೋಟೆಯನ್ನು ಕೆಡಿಸುತ್ತಿರುವುದು ಶತ್ರುವಲ್ಲ, ಗೋಡೆಯ ಸಂದಿಯಲ್ಲಿ ಬೇರುಬಿಟ್ಟ ಅರಳಿ ಗಿಡ ಮತ್ತು ಮಳೆ.

ಈ ಕೋಟೆಯ ಒಳಗೆ, ಬೆಂಗಳೂರು ಬಾಗಿಲಿನ ಹತ್ತಿರ, ಟಿಪ್ಪು ಕಾಲದ ಜಾಮಿಯಾ ಮಸೀದಿ ಇದೆ. ಎರಡು ಎತ್ತರದ ಮಿನಾರುಗಳ ಈ ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ನಮಾಜು ಕೂಡ ನಡೆಯುತ್ತದೆ. ಇದು ಮೊದಲು ಆಂಜನೇಯನ ಗುಡಿಯಾಗಿತ್ತು ಎಂದು ಕೆಲವು ಸಂಘಟನೆಗಳು ವಾದಿಸುತ್ತವೆ. 2022ರ ಜೂನ್ 4ಕ್ಕೆ "ಶ್ರೀರಂಗಪಟ್ಟಣ ಚಲೋ" ಕರೆ ಬಂತು. ನಿಷೇಧಾಜ್ಞೆ ಜಾರಿಯಾಯಿತು, ನೂರಾರು ಪೊಲೀಸರು ಬಂದರು, ಊರು ಬಿಗಿಯಾಯಿತು. ದೊಡ್ಡ ಅನಾಹುತವೇನೂ ಆಗಲಿಲ್ಲ. ಆ ಮಟ್ಟಿಗೆ ಆಡಳಿತ ತನ್ನ ಕೆಲಸ ಮಾಡಿತು. ಅದಾದ ಮೇಲೂ ಪ್ರತಿ ಡಿಸೆಂಬರಿನ ಹನುಮ ಜಯಂತಿ ಮೆರವಣಿಗೆಯ ಹೊತ್ತಿಗೆ ಮಸೀದಿಯ ಸುತ್ತ ಬಂದೋಬಸ್ತ್ ಆಗುತ್ತದೆ.

ಇಂತಹ ಹೊತ್ತಿನಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. 1991ರ ಪೂಜಾಸ್ಥಳಗಳ ಕಾಯ್ದೆಯ ಪ್ರಕಾರ, 1947ರ ಆಗಸ್ಟ್ 15ರಂದು ಒಂದು ಪೂಜಾಸ್ಥಳ ಯಾವ ಧರ್ಮದ್ದಾಗಿತ್ತೋ ಹಾಗೆಯೇ ಇರಬೇಕು. ಆದರೆ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಒಳಪಟ್ಟ ಸ್ಥಳಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗೆಂದು ಅವು ಯಾರು ಬೇಕಾದರೂ ಕೈಹಾಕುವ ಜಾಗಗಳಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೇ ಅವುಗಳನ್ನು ಕಾಯುತ್ತದೆ. ಪೂಜಾಸ್ಥಳವಾಗಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ರೀತಿಯಲ್ಲಿ ಬಳಸಬಾರದು ಎಂದು ಅದರ 16ನೇ ಕಲಂ ಹೇಳುತ್ತದೆ. 2024ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಪೂಜಾಸ್ಥಳಗಳ ಒಡೆತನ ಪ್ರಶ್ನಿಸುವ ಹೊಸ ದಾವೆಗಳನ್ನು ಸದ್ಯಕ್ಕೆ ದಾಖಲಿಸಿಕೊಳ್ಳಬಾರದು, ಸಮೀಕ್ಷೆಗೆ ಆದೇಶಿಸಬಾರದು ಎಂದು ಕೆಳ ನ್ಯಾಯಾಲಯಗಳಿಗೆ ಸೂಚಿಸಿತು. ಅಂದರೆ ಚರಿತ್ರೆಯ ಪ್ರಶ್ನೆಗೆ ಉತ್ತರ ಹುಡುಕುವ ಜಾಗ ಶಾಸನ, ದಾಖಲೆ, ನ್ಯಾಯಾಲಯ. ಬೀದಿಯಲ್ಲಿ ಸಿಗುವುದು ಭಯ ಮಾತ್ರ.

ಆ ಭಯದ ಬೆಲೆ ಕಟ್ಟುವವರು ಯಾರು ಎಂದು ನೋಡಿ. ಕರೆ ಕೊಟ್ಟವರು ಬೇರೆ ಬೇರೆ ಊರುಗಳಿಂದ ಬಂದು ಹೋಗುತ್ತಾರೆ. ಅಂಗಡಿ ಬಾಗಿಲು ಹಾಕುವವರು ಊರಿನವರು. ಜಟಕಾ ಕಟ್ಟುವವರು, ಎಳನೀರು ಮಾರುವವರು, ದರಿಯಾ ದೌಲತ್ ಮುಂದೆ ಗೊಂಬೆ ಹರಡಿಕೊಂಡು ಕೂರುವವರು, ರಂಗನಾಥನ ಗುಡಿಯ ಮುಂದಿನ ಹೂವಿನವರು: ಇವರಲ್ಲಿ ಎರಡೂ ಧರ್ಮದವರಿದ್ದಾರೆ, ಪ್ರವಾಸಿಗರು ಬರದಿದ್ದರೆ ಎಲ್ಲರ ಒಲೆಗೂ ತೊಂದರೆ. ಗುಡಿಗೂ ಮಸೀದಿಗೂ ನಡುವೆ ಅರ್ಧ ಗಂಟೆ ನಡೆಯುವಷ್ಟೂ ದೂರವಿಲ್ಲದ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವಂತಾದರೆ, ಪೊಲೀಸರು ಮರಳಿ ಹೋದ ಮೇಲೂ ಆ ನಷ್ಟ ಉಳಿಯುತ್ತದೆ.

ಸದ್ದಿಲ್ಲದ ಅಪಾಯಗಳು

ಇನ್ನು ನಿಜವಾದ ಅಪಾಯಗಳ ಕಡೆ ಬರೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಯಾರೂ ದಾಳಿ ಮಾಡಿರಲಿಲ್ಲ. ಗೇಟಿನ ಸರಪಳಿ ತುಂಡಾಗಿತ್ತು. ತುಂಬಿದ ಕಟ್ಟೆಯ ನೀರು ದಿನಗಟ್ಟಲೆ ಹರಿದುಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಬೇಕಾಯಿತು. ಬಂದೂಕು ಹಿಡಿದ ಕಾವಲುಗಾರ ಎಷ್ಟೇ ಎಚ್ಚರವಾಗಿದ್ದರೂ ತುಕ್ಕು ಹಿಡಿದ ಸರಪಳಿಯನ್ನು ತಡೆಯಲಾರ. ಅದನ್ನು ತಡೆಯುವವರು ಎಂಜಿನಿಯರು, ವೆಲ್ಡರು, ಗ್ರೀಸ್ ಹಚ್ಚುವ ಗ್ಯಾಂಗ್‌ಮನ್‌ಗಳು.

ನಮ್ಮ ಕಟ್ಟೆಗೂ ಇಂತಹದೊಂದು ಆತಂಕ ಇದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಸ್ಫೋಟಗಳಿಂದ ಕೆಆರ್‌ಎಸ್‌ಗೆ ಅಪಾಯ ಎಂದು ರೈತರು ವರ್ಷಗಳಿಂದ ಹೇಳುತ್ತಾ ಬಂದರು. 2018ರ ಸೆಪ್ಟೆಂಬರಿನಲ್ಲಿ ಆ ಕಡೆ ಭಾರೀ ಸದ್ದು ಕೇಳಿದಾಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದನ್ನು ಕ್ವಾರಿ ಸ್ಫೋಟಕ್ಕೆ ಜೋಡಿಸಿ ವರದಿ ಕೊಟ್ಟಿತು. 2021ರಲ್ಲಿ ಇದು ಜಿಲ್ಲೆಯ ರಾಜಕಾರಣಿಗಳ ನಡುವೆ ದೊಡ್ಡ ಜಗಳವಾಯಿತು. ಪರೀಕ್ಷೆಗೆಂದು ಟ್ರಯಲ್ ಬ್ಲಾಸ್ಟ್ ಮಾಡುತ್ತೇವೆ ಎಂದಾಗ ರೈತರು ಅದನ್ನೂ ವಿರೋಧಿಸಿದರು. ಕೊನೆಗೆ 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಷೇಧಿಸಿತು. ಕಾವೇರಿ ಗಲಾಟೆಯಲ್ಲಿ ಬ್ಯಾರಿಕೇಡಿನ ಹೊರಗೆ ನಿಲ್ಲಿಸಲ್ಪಟ್ಟ ರೈತರೇ ಇಲ್ಲಿ ಕಟ್ಟೆಯ ಕಾವಲುಗಾರರಾದರು. ಇದನ್ನು ನನ್ನ ವಿದ್ಯಾರ್ಥಿಗಳು ಮರೆಯಬಾರದು ಎಂದು ಆಸೆಪಡುತ್ತೇನೆ: ಜನರನ್ನು ಅಪಾಯವೆಂದು ಮಾತ್ರ ನೋಡುವ ಭದ್ರತೆ ತನ್ನ ಅತ್ಯುತ್ತಮ ಕಾವಲುಗಾರರನ್ನು ಕಳೆದುಕೊಳ್ಳುತ್ತದೆ.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಈ ದಿಕ್ಕಿನಲ್ಲೇ ಇದೆ. ಮುಂಗಾರಿಗೆ ಮೊದಲು ಮತ್ತು ಮುಂಗಾರಿನ ನಂತರ ತಪಾಸಣೆ, ತಜ್ಞರಿಂದ ಸಮಗ್ರ ಮೌಲ್ಯಮಾಪನ, ಕಟ್ಟೆಗೆ ಅಪಾಯವಾದರೆ ಕೆಳಗಿನ ಊರುಗಳಿಗೆ ಹೇಗೆ ಎಚ್ಚರಿಕೆ ಕೊಡಬೇಕು ಎಂಬ ತುರ್ತು ಯೋಜನೆ: ಇವೆಲ್ಲ ಕಡ್ಡಾಯ. ಆ ಯೋಜನೆ ಕೆಳಗಿನ ಊರಿನವರಿಗೆ ತಿಳಿದಿದ್ದರೆ ಮಾತ್ರ ಅದಕ್ಕೆ ಅರ್ಥ. ಮುಚ್ಚಿಟ್ಟ ಎಚ್ಚರಿಕೆಯಿಂದ ಯಾರ ಪ್ರಾಣವೂ ಉಳಿಯದು.

ಸ್ಮಾರಕಗಳ ಮಟ್ಟಿಗೂ ಕಥೆ ಇದೇ. 2022ರ ಲೆಕ್ಕದಂತೆ ದೇಶದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು 3,693 ಇದ್ದವು. ಅವುಗಳಲ್ಲಿ 248 ಕಡೆ ಮಾತ್ರ ಭದ್ರತಾ ಸಿಬ್ಬಂದಿ ಇದ್ದಾರೆ ಎಂದು ಆ ವರ್ಷ ಸಂಸದೀಯ ಸ್ಥಾಯಿ ಸಮಿತಿ ವರದಿ ಮಾಡಿತು. ಅದಕ್ಕೂ ಮೊದಲು, 2013ರ ವರದಿಯಲ್ಲಿ, ಮಹಾಲೇಖಪಾಲರು ಪರಿಶೀಲಿಸಿದ 1,655 ಸ್ಮಾರಕಗಳಲ್ಲಿ 92 ಇದ್ದ ಜಾಗದಲ್ಲಿ ಸಿಗಲೇ ಇಲ್ಲ. ಅವುಗಳನ್ನು ಯಾವ ಭಯೋತ್ಪಾದಕನೂ ಒಡೆಯಲಿಲ್ಲ. ಕೆಲವನ್ನು ಒತ್ತುವರಿ, ಮನೆ, ರಸ್ತೆ, ನಿರ್ಲಕ್ಷ್ಯ ನುಂಗಿದವು. ಜಗಳವಿರುವ ಒಂದು ಸ್ಮಾರಕಕ್ಕೆ ಒಂದೇ ದಿನ ನೂರಾರು ಪೊಲೀಸರನ್ನು ಕಳಿಸಬಲ್ಲ ವ್ಯವಸ್ಥೆ, ಜಗಳವಿಲ್ಲದ ಸಾವಿರಾರು ಸ್ಮಾರಕಗಳಿಗೆ ವರ್ಷವಿಡೀ ಒಬ್ಬ ಕಾವಲುಗಾರನನ್ನು ಕೊಡಲಾರದು. ಸದ್ದು ಮಾಡುವ ಭಯಕ್ಕೆ ದುಡ್ಡು ಹರಿಯುತ್ತದೆ. ಸದ್ದಿಲ್ಲದ ಸವೆತಕ್ಕೆ ಹರಿಯುವುದಿಲ್ಲ.

ವೈರಮುಡಿಯ ದಾರಿ

ಭದ್ರತೆ ಎಂದರೆ ಜನರನ್ನು ದೂರ ಇಡುವುದೇ ಆಗಬೇಕಿಲ್ಲ ಎನ್ನುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಮೇಲುಕೋಟೆಯ ಚೆಲುವನಾರಾಯಣನ ವಜ್ರಖಚಿತ ವೈರಮುಡಿ ಕಿರೀಟ ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಅಧಿಕಾರಿಗಳ ಸಮಕ್ಷಮ ಹೊರತೆಗೆದು, ಪೊಲೀಸ್ ಬಂದೋಬಸ್ತಿನಲ್ಲಿ ಮೇಲುಕೋಟೆಗೆ ತರುತ್ತಾರೆ. ಬೆಲೆ ಕಟ್ಟಲಾಗದ ವಸ್ತು, ಅಪಾಯವೂ ಕಲ್ಪನೆಯದಲ್ಲ. ಆದರೂ ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ವಾಹನ ನಿಲ್ಲುತ್ತದೆ. ಹಸಿರು ತೋರಣ ಕಟ್ಟಿ, ರಂಗೋಲಿ ಹಾಕಿ ಕಾದಿದ್ದ ಜನ ಪೂಜೆ ಮಾಡಿ ಕಳಿಸಿಕೊಡುತ್ತಾರೆ. ರಾತ್ರಿ ಲಕ್ಷಾಂತರ ಜನರ ನಡುವೆ ಉತ್ಸವ ನಡೆಯುತ್ತದೆ. ಆಮೇಲೆ ಕಿರೀಟ ಮತ್ತೆ ಖಜಾನೆಗೆ.

ಇಲ್ಲಿ ಕಾವಲು ಏಕೆ ಯಾರಿಗೂ ಭಾರವೆನಿಸುವುದಿಲ್ಲ? ಯಾವುದನ್ನು ಕಾಯುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಗೊತ್ತು. ಹೊಣೆ ಯಾರದು ಎಂಬುದಕ್ಕೆ ಲೆಕ್ಕ, ಸಹಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಯುತ್ತಿರುವುದು ತಮ್ಮದನ್ನೇ ಎಂದು ಜನರಿಗೆ ಅನಿಸುತ್ತದೆ. ಕೆಆರ್‌ಎಸ್‌ನಲ್ಲೂ ಇಂತಹ ಒಂದು ಒಳ್ಳೆಯ ಅಭ್ಯಾಸ ಇದೆ. ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ಮಳೆಯನ್ನೇ ಹೆಚ್ಚು ನಂಬಿ ರಾಗಿ, ಹುರುಳಿ ಬೆಳೆಯುವ ನಮ್ಮ ನಾಗಮಂಗಲದ ಕಡೆಯವರೂ ಅದನ್ನು ಓದುತ್ತಾರೆ. ಆ ಅಂಕಿಗಳನ್ನು ಬಹಿರಂಗಪಡಿಸಿದ್ದರಿಂದ ಕಟ್ಟೆ ದುರ್ಬಲವಾಗಲಿಲ್ಲ. ಆಡಳಿತದ ಮಾತನ್ನು ಜನ ಪರೀಕ್ಷಿಸಲು ಅವು ನೆರವಾಗುತ್ತಿವೆ.

ನೀವು ಕೇಳಬೇಕಾದ ಐದು ಪ್ರಶ್ನೆಗಳು

ಇನ್ನು ಮುಂದೆ ಎಲ್ಲಿಯಾದರೂ "ಭದ್ರತಾ ಕಾರಣಕ್ಕೆ ಪ್ರವೇಶವಿಲ್ಲ" ಎಂದು ಕಂಡಾಗ ಈ ಐದನ್ನು ಕೇಳಿಕೊಳ್ಳಿ.

ಒಂದು, ಅಪಾಯ ಯಾವುದು? "ಅಹಿತಕರ ಘಟನೆ" ಎಂಬ ಎರಡು ಪದ ಸಾಲದು.

ಎರಡು, ಹೇಳಿದವರು ಯಾರು? ಆದೇಶದಲ್ಲಿ ಅಧಿಕಾರಿಯ ಹುದ್ದೆ, ದಿನಾಂಕ, ಕಲಂ ಇದೆಯೇ?

ಮೂರು, ಎಲ್ಲಿಯವರೆಗೆ? ಕೊನೆಯ ದಿನ ಇಲ್ಲದ ನಿರ್ಬಂಧ ಅಭ್ಯಾಸವಾಗಿಬಿಡುತ್ತದೆ.

ನಾಲ್ಕು, ಕಳೆದುಕೊಳ್ಳುವವರು ಯಾರು? ವ್ಯಾಪಾರಿಯೋ, ಪ್ರಾರ್ಥನೆಗೆ ಬಂದವರೋ, ಪ್ರತಿಭಟನೆಗೆ ಬಂದ ರೈತನೋ, ಪ್ರವಾಸಕ್ಕೆ ಬಂದ ಮಗುವೋ?

ಐದು, ಇದಕ್ಕಿಂತ ಕಡಿಮೆ ತೊಂದರೆಯ ದಾರಿ ಇರಲಿಲ್ಲವೇ?

ಉತ್ತರ ಪಡೆಯಲು ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರಿಸಬೇಕು. ದೇಶದ ಭದ್ರತೆಗೆ ಧಕ್ಕೆಯಾಗುವ ಮಾಹಿತಿಯನ್ನು 8ನೇ ಕಲಮಿನಡಿ ನಿರಾಕರಿಸಬಹುದು. ಆದರೆ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅಂತಹುದನ್ನೂ ಕೊಡಬಹುದು ಎಂದು ಅದೇ ಕಲಂ ಹೇಳುತ್ತದೆ. ಕಟ್ಟೆಯ ಪಹರೆಯವರು ಎಷ್ಟು ಗಂಟೆಗೆ ಪಾಳಿ ಬದಲಿಸುತ್ತಾರೆ ಎಂದು ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಕಟ್ಟೆಯ ಸುರಕ್ಷತಾ ತಪಾಸಣೆ ಕೊನೆಯ ಬಾರಿ ಯಾವಾಗ ನಡೆಯಿತು, ನಮ್ಮ ತಾಲ್ಲೂಕಿನ ಸ್ಮಾರಕಕ್ಕೆ ಕಾವಲುಗಾರರ ಎಷ್ಟು ಹುದ್ದೆ ಮಂಜೂರಾಗಿದೆ, ನಿಷೇಧಾಜ್ಞೆಯ ಪ್ರತಿ ಎಲ್ಲಿದೆ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕರ ಹಕ್ಕು.

ಹೀಗೆ ಕೇಳುವುದನ್ನು ಪೊಲೀಸರ ವಿರುದ್ಧದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ರಾತ್ರಿಯಿಡೀ ಚಳಿಯಲ್ಲಿ ಕಟ್ಟೆಯ ಮೇಲೆ ನಿಲ್ಲುವ, ಹಬ್ಬದ ದಿನವೂ ಮಸೀದಿಯ ಮುಂದೆ ಲಾಠಿ ಹಿಡಿದು ಬಿಸಿಲಲ್ಲಿ ನಿಲ್ಲುವ ಸಿಬ್ಬಂದಿ ನಮ್ಮ ಊರುಗಳ ಮಕ್ಕಳೇ. ಬೇರೆಯವರು ಹುಟ್ಟಿಸಿದ ಭಯದ ಭಾರ ಅವರ ಹೆಗಲ ಮೇಲೂ ಬೀಳುತ್ತದೆ. ಕಾರಣ ಸ್ಪಷ್ಟವಾಗಿದ್ದರೆ, ಅವಧಿ ನಿಗದಿಯಾಗಿದ್ದರೆ, ಜನ ಜೊತೆಗಿದ್ದರೆ ಅವರ ಕೆಲಸವೂ ಹಗುರಾಗುತ್ತದೆ.

ಆದ್ದರಿಂದ ಮುಂದಿನ ಬಾರಿ ಜಿಲ್ಲೆಯಲ್ಲಿ ನಿಷೇಧಾಜ್ಞೆ ಜಾರಿಯಾದಾಗ ಸುದ್ದಿಯ ತಲೆಬರಹ ಓದಿ ಸುಮ್ಮನಾಗಬೇಡಿ. ಆದೇಶದ ಪ್ರತಿ ಹುಡುಕಿ, ಐದು ಪ್ರಶ್ನೆಗಳನ್ನು ಅದರ ಪಕ್ಕದಲ್ಲಿಟ್ಟು ಓದಿ, ಉತ್ತರವಿಲ್ಲದ್ದನ್ನು ಗುರುತು ಹಾಕಿ, ತಾಲ್ಲೂಕು ಕಚೇರಿಗೆ ಬರೆದು ಕೇಳಿ. ಕಟ್ಟೆ, ಕೋಟೆ, ಗುಡಿ, ಮಸೀದಿ, ಬಸದಿ ಎಲ್ಲವೂ ನಮ್ಮವು; ಅವುಗಳ ಕಾವಲಿನ ಲೆಕ್ಕ ಕೇಳುವುದೂ ನಮ್ಮದೇ ಕೆಲಸ.